ಹುಟ್ಟಿನ ಹೊತ್ತಿನ ಗಾಯಗಳು

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಬೇನೆಯನ್ನು ಹತ್ತಿರದಿಂದ ಕಂಡವರೆಲ್ಲ ಈ ಮಾತನ್ನು ಒಪ್ಪುತ್ತಾರೆ. ಆದರೆ ಅದೇ ಹೊತ್ತಿನಲ್ಲಿ ಇನ್ನೊಂದು ಜೀವವೂ ತನ್ನ ಬಾಳಿನ ಅತ್ಯಂತ ಇಕ್ಕಟ್ಟಿನ ಪಯಣವನ್ನು ಮಾಡುತ್ತಿರುತ್ತದೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತಿಂಗಳು ತುಂಬಿದ ಕೂಸಿನ ತಲೆಯ ಅಡ್ಡಳತೆ ಸುಮಾರು ಒಂಬತ್ತೂವರೆ ಸೆಂಟಿಮೀಟರು. ತಾಯಿಯ ಸೊಂಟದ ಎಲುಬುಗಳ ನಡುವಣ ದಾರಿ ಅದಕ್ಕಿಂತ ಬಹಳ ಅಗಲವೇನೂ ಅಲ್ಲ. ಕೂಸು ಗದ್ದವನ್ನು ಎದೆಗೊತ್ತಿಕೊಂಡು, ಹಂತಹಂತವಾಗಿ ತಿರುಗುತ್ತ ಹೊರಬರಬೇಕು. ತಲೆಬುರುಡೆಯ ಎಲುಬುಗಳು ಇನ್ನೂ ಬೆಸೆದುಕೊಂಡಿರದೆ ಒಂದರ ಮೇಲೊಂದು ಸರಿಯಬಲ್ಲವಾದ್ದರಿಂದಲೇ ಇದು ಸಾಧ್ಯವಾಗುತ್ತದೆ. ಪ್ರಕೃತಿಯ ಈ ಏರ್ಪಾಡು ಸಾಮಾನ್ಯವಾಗಿ ತಪ್ಪುವುದಿಲ್ಲ. ತಪ್ಪಿದಾಗ ಕೂಸಿಗೆ ಆಗುವ ಪೆಟ್ಟುಗಳ ವಿಚಾರವಾಗಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ವೈದ್ಯರಿಂದ ಕೇಳಿ, ಓದಿ ತಿಳಿದುದನ್ನು ಮನೆಮಾತಿನಲ್ಲಿ ಹೇಳುವುದಷ್ಟೇ ನನ್ನ ಕೆಲಸ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ತಲೆಯ ಊತ. ಇದರಲ್ಲಿ ಮೂರು ಬಗೆಯುಂಟು. ಮೊದಲನೆಯದು ನೆತ್ತಿಯ ಚರ್ಮದಡಿ ನೀರು ಸೇರಿ ಮೆತ್ತಗೆ ಹರಡಿಕೊಳ್ಳುವ ಊತ. ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಎರಡನೆಯದು ಬುರುಡೆಯ ಎಲುಬಿಗೂ ಅದರ ಹೊದಿಕೆಗೂ ನಡುವೆ ರಕ್ತ ನಿಂತು ಆಗುವ ಗಡ್ಡೆ. ಇದು ಒಂದೇ ಎಲುಬಿನ ಎಲ್ಲೆಯೊಳಗೆ ನಿಲ್ಲುತ್ತದೆ, ಹುಟ್ಟಿದ ಕೆಲವು ಗಂಟೆಗಳ ಮೇಲೆ ಎದ್ದು ಕಾಣುತ್ತದೆ, ಕರಗಲು ವಾರಗಳೇ ಬೇಕು. ಅದು ಕರಗುವಾಗ ಕೂಸಿಗೆ ಕಾಮಾಲೆ ಹೆಚ್ಚಬಹುದಾದ್ದರಿಂದ ವೈದ್ಯರ ಕಣ್ಣಿರಬೇಕು. ಮೂರನೆಯದು ಅಪರೂಪ, ಆದರೆ ಅಪಾಯಕರ. ನೆತ್ತಿಯ ಪದರದಡಿ ರಕ್ತ ತಡೆಯಿಲ್ಲದೆ ಹರಡಿ, ಊತ ಗಂಟೆಗಂಟೆಗೂ ಬೆಳೆದು, ಕೂಸು ಬಿಳಿಚಿಕೊಳ್ಳುತ್ತದೆ. ಆಗ ಒಂದು ಗಳಿಗೆಯನ್ನೂ ಕಳೆಯಬಾರದು.

ಮುರಿಯುವ ಎಲುಬುಗಳಲ್ಲಿ ಮೊದಲನೆಯದು ಕೊರಳೆಲುಬು. ಕೂಸು ಒಂದು ಕೈಯನ್ನು ಆಡಿಸದೆ, ಎತ್ತಿಕೊಂಡಾಗಲೆಲ್ಲ ಅಳುತ್ತಿದ್ದರೆ ಇದನ್ನು ಶಂಕಿಸಬೇಕು. ಹಸುಳೆಯ ಎಲುಬು ಬಲು ಬೇಗ ಕೂಡಿಕೊಳ್ಳುವುದರಿಂದ ಹೆದರಬೇಕಾದುದಿಲ್ಲ. ಅದಕ್ಕಿಂತ ಕಷ್ಟವಾದುದು ತೋಳಿನ ನರಗಳ ಗಾಯ. ತಲೆ ಹೊರಬಂದು ಭುಜ ತಾಯಿಯ ಎಲುಬಿನ ಹಿಂದೆ ಸಿಕ್ಕಿಕೊಂಡಾಗ, ಕೊರಳಿನಿಂದ ತೋಳಿಗಿಳಿಯುವ ನರಗಳು ಎಳೆತಕ್ಕೆ ಸಿಲುಕುತ್ತವೆ. ತೋಳು ಮೈಗಂಟಿ ಜೋಲುಬಿದ್ದು, ಅಂಗೈ ಹಿಂದಕ್ಕೆ ತಿರುಗಿಕೊಳ್ಳುತ್ತದೆ. ಜರ್ಮನಿಯ ವೈದ್ಯ ಎರ್ಬ್ 1874ರಲ್ಲಿ ಇದಕ್ಕೆ ಕಾರಣವಾದ ನರಗಳ ನೆಲೆಯನ್ನು ಗುರುತಿಸಿದುದರಿಂದ ಈ ಬೇನೆ ಅವನ ಹೆಸರಿನಲ್ಲಿಯೇ ಉಳಿದಿದೆ. ಬಹುಪಾಲು ಕೂಸುಗಳಲ್ಲಿ ಕೆಲವು ತಿಂಗಳೊಳಗೆ ಕೈಗೆ ಬಲ ಮರಳುತ್ತದೆ. ಮೂರು ತಿಂಗಳಾದರೂ ಮೊಣಕೈ ಮಡಿಸಲಾಗದಿದ್ದರೆ ತಜ್ಞರ ಬಳಿಗೆ ಹೋಗಲೇಬೇಕು.

ಕಣ್ಣಿಗೆ ಕಾಣದ ಗಾಯವೇ ಎಲ್ಲಕ್ಕಿಂತ ದೊಡ್ಡದು. ಉಸಿರು ಸಾಲದೆ ಮಿದುಳಿಗೆ ಆಗುವ ಪೆಟ್ಟು ಅದು. ಕಷ್ಟದ ಹೆರಿಗೆಗೂ ಮಕ್ಕಳ ಕೈಕಾಲು ಬಿಗಿತಕ್ಕೂ ಸಂಬಂಧವುಂಟೆಂದು ಲಂಡನ್ನಿನ ವೈದ್ಯ ಲಿಟ್ಲ್ 1861ರಲ್ಲಿ ಹೇಳಿದನು. ಅಂಥ ಬೇನೆಗಳಿಗೆಲ್ಲ ಹೆರಿಗೆಯೇ ಕಾರಣವಲ್ಲವೆಂದು, ಗರ್ಭದಲ್ಲಿಯೇ ಅನೇಕವು ಮೊದಲಾಗುತ್ತವೆಂದು ಮುಂದಿನವರು ತಿಳಿದರು. ಆದರೂ ಹುಟ್ಟಿದ ಮೊದಲನೆಯ ನಿಮಿಷದ ಬೆಲೆ ಕಡಿಮೆಯಾಗಲಿಲ್ಲ. ಅಮೆರಿಕೆಯ ವೈದ್ಯೆ ವರ್ಜೀನಿಯಾ ಅಪ್ಗಾರ್ 1953ರಲ್ಲಿ ಪ್ರಕಟಿಸಿದ ಕ್ರಮದಂತೆ ಬಣ್ಣ, ನಾಡಿ, ಉಸಿರು, ಕಸುವು, ಪ್ರತಿಕ್ರಿಯೆ ಎಂಬ ಐದು ಗುರುತುಗಳಿಗೆ ಹತ್ತರೊಳಗೆ ಅಂಕ ಕೊಡುತ್ತಾರೆ. ಹುಟ್ಟಿದೊಡನೆ ಅಳದ ಕೂಸನ್ನು ತಲೆಕೆಳಗು ಹಿಡಿದು ಬಡಿಯುವ ಹಳೆಯ ಪದ್ಧತಿ ಸಲ್ಲದು. ಒರೆಸಿ, ಬೆಚ್ಚಗಿರಿಸಿ, ಬೆನ್ನು ನೀವಿ, ಆಗಲೂ ಉಸಿರಾಡದಿದ್ದರೆ ಚೀಲದಿಂದ ಗಾಳಿಯೂಡಬೇಕು. ಅದನ್ನು ಬಲ್ಲವರು ಪಕ್ಕದಲ್ಲಿಯೇ ಇರಬೇಕು.

ಇವಕ್ಕೆಲ್ಲ ಕಾರಣಗಳೇನು? ನಾಲ್ಕು ಕಿಲೋಗ್ರಾಂ ಮೀರಿದ ಕೂಸು, ಅದಕ್ಕೆ ಹಿನ್ನೆಲೆಯಾಗಿ ತಾಯಿಯ ಸಕ್ಕರೆ ಕಾಯಿಲೆ, ಕಿರಿದಾದ ಸೊಂಟ, ಕಾಲು ಅಥವಾ ಪೃಷ್ಠ ಮುಂದಾಗಿ ಬರುವುದು, ದಿನ ತುಂಬದ ಮಗು, ಹೊತ್ತು ಮೀರಿದ ಬೇನೆ, ಇಕ್ಕಳ ಅಥವಾ ಹೀರುಬಟ್ಟಲು ಹಾಕಿ ಎಳೆಯಬೇಕಾದ ಸಂದರ್ಭ. ಅಡ್ಡಬಿದ್ದ ಗರ್ಭವನ್ನು ಸುಶ್ರುತ ಸಂಹಿತೆ ‘ಮೂಢಗರ್ಭ’ವೆಂದು ಹೆಸರಿಸಿ, ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ನಮ್ಮ ಪ್ರಾಚೀನರು ಇದನ್ನು ಶಾಸ್ತ್ರವಾಗಿ ಕಂಡರೆಂಬುದು ಇದರಿಂದ ಸ್ಪಷ್ಟ. ಅವರ ಮೊಮ್ಮಕ್ಕಳಾದ ನಾವು ಮಾತ್ರ ಶಾಪವಾಗಿ ಕಾಣುತ್ತೇವೆ.

ನಮ್ಮ ಮಂಡ್ಯದ ಹೊಳಲಿನಲ್ಲಿಯೇ ಕೇಳಿದ ಮಾತುಗಳಿವು: ‘ಗ್ರಹಣದಲ್ಲಿ ಹೊರಗೆ ಬಂದಳು, ಅದಕ್ಕೇ ಮಗುವಿನ ಕೈ ಹೀಗಾಯಿತು’, ‘ಈಳಿಗೆಮಣೆ ಮುಟ್ಟಿದಳು’, ‘ಸೊಸೆಯ ಕಾಲ್ಗುಣ’. ಹೊಳಲು ಎಂಬುದು ‘ಪೊೞಲ್’ ಎಂಬ ಹಳಗನ್ನಡದ ಶಬ್ದ. ನಗರವೆಂದೇ ಅದರ ಅರ್ಥ. ಊರ ಹೆಸರಿನಲ್ಲಿರುವ ನಾಗರಿಕತೆ ಬಾಣಂತಿಯ ಕೋಣೆಯ ಬಾಗಿಲಿನವರೆಗೂ ಬರಬೇಡವೆ? ತಂದೆಯ ಶಾಪದಿಂದ ಎಂಟು ಕಡೆ ಡೊಂಕಾಗಿ ಹುಟ್ಟಿದ ಅಷ್ಟಾವಕ್ರನ ಕಥೆ ಮಹಾಭಾರತದಲ್ಲಿದೆ. ಆ ಕಥೆಯಲ್ಲಿ ಕೂಡ ತಾಯಿಯ ಮೇಲೆ ತಪ್ಪು ಹೊರಿಸಿಲ್ಲ. 1859ರಲ್ಲಿ ಬರ್ಲಿನ್ನಿನ ಅರಮನೆಯಲ್ಲಿ ಪೃಷ್ಠ ಮುಂದಾಗಿ ಹುಟ್ಟಿ, ಮುಂದೆ ಕೈಸರನಾದ ಎರಡನೆಯ ವಿಲ್‌ಹೆಲ್ಮನ ಎಡಗೈ ಕೊನೆಯವರೆಗೂ ಕುಂದಿಯೇ ಉಳಿಯಿತು. ಬಾಲ್ಯದಲ್ಲಿ ಅದಕ್ಕೆ ವಿದ್ಯುತ್ತನ್ನು ಹಾಯಿಸಿದರು, ಯಂತ್ರಗಳಲ್ಲಿ ಬಿಗಿದರು. ಅರಮನೆಗೂ ಗುಡಿಸಲಿಗೂ ಈ ಗಾಯದಲ್ಲಿ ಭೇದವಿಲ್ಲ.

ಸೂಲಗಿತ್ತಿಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಆ ವರ್ಷವೇ ತೀರಿಕೊಂಡರು. ಕೈಯ ಅನುಭವ ದೊಡ್ಡದು. ಆದರೆ ಸಿಕ್ಕಿಕೊಂಡ ಭುಜಕ್ಕೂ ನಿಂತ ಉಸಿರಿಗೂ ಸಲಕರಣೆ ಬೇಕು, ಶಸ್ತ್ರವೈದ್ಯರು ಬೇಕು. ಈಗ ಕರ್ನಾಟಕದಲ್ಲಿ ನೂರಕ್ಕೆ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತವೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮಂಡ್ಯದಲ್ಲಿಯೇ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ, ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆಯಿದೆ. 2008ರಿಂದ 108ರ ವಾಹನವೂ ಬರುತ್ತಿದೆ.

ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಕೂಸು ಮತ್ತೆ ನಮ್ಮ ಕೈಗೇ ಬರುತ್ತದೆ. ಎಣ್ಣೆನೀರು ಹಾಕುವ ಅಜ್ಜಿಯರಲ್ಲಿ ನನ್ನ ಬಿನ್ನಹವಿಷ್ಟೆ: ತಲೆಯ ಊತವನ್ನು ಒತ್ತಿ ದುಂಡಗೆ ಮಾಡಲು ಹೋಗಬೇಡಿ, ಶಾಖ ಕೊಡಬೇಡಿ, ಚುಚ್ಚಿಸಬೇಡಿ. ಜೋತ ತೋಳನ್ನು ಎಳೆದು ನೀವಬೇಡಿ. ಯಾವ ವ್ಯಾಯಾಮ, ಎಂದಿನಿಂದ ಎಂಬುದನ್ನು ವೈದ್ಯರು ಹೇಳಲಿ. ರಕ್ತಸ್ರಾವ ತಡೆಯಲು ಹುಟ್ಟಿದೊಡನೆ ಕೊಡುವ ಕೆ ಜೀವಸತ್ತ್ವದ ಚುಚ್ಚುಮದ್ದನ್ನು ಬೇಡವೆನ್ನಬೇಡಿ. ಗರ್ಭಿಣಿಯ ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬೇಡಿ.

ಎಲ್ಲ ಎಚ್ಚರಿಕೆಯ ನಡುವೆಯೂ, ಶಸ್ತ್ರಚಿಕಿತ್ಸೆಯ ಹೆರಿಗೆಯಲ್ಲಿ ಸಹ, ಒಮ್ಮೊಮ್ಮೆ ಗಾಯವಾಗುವುದುಂಟು. ಆಗ ಯಾರ ತಪ್ಪೆಂದು ಹುಡುಕುವ ಮುನ್ನ ಕೂಸಿಗೆ ಏನು ಬೇಕೆಂದು ಕೇಳೋಣ. ನೊಂದ ಬಾಣಂತಿಗೆ ದೋಷದ ಹೊರೆಯನ್ನೂ ಹೊರಿಸಿದರೆ, ಒಂದು ಗಾಯ ಎರಡಾಗುತ್ತದೆ. ಮೊದಲನೆಯದು ಹೆಚ್ಚಾಗಿ ತಿಂಗಳುಗಳಲ್ಲಿ ಮಾಯುತ್ತದೆ, ಎರಡನೆಯದು ಮಾಯುವುದಿಲ್ಲ.