ಮುಚ್ಚಿದ ಗಿರಣಿಯ ಕಟ್ಟಡ ಯಾರಿಗೆ?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಗಿರಣಿ ಮುಚ್ಚಿದರೆ ಕೂಲಿ ನಿಲ್ಲುತ್ತದೆ. ಕೂಲಿ ನಿಂತರೆ ಗೇಟಿನೆದುರಿನ ಚಹದಂಗಡಿ, ಕಿರಾಣಿ ಅಂಗಡಿಗಳ ಉದ್ರಿ ವಸೂಲಾಗುವುದಿಲ್ಲ. ಇದನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ಇಂದು ನಾನು ಎತ್ತಿಕೊಂಡಿರುವುದು ಅದರ ಮುಂದಿನ ಪ್ರಶ್ನೆ. ಯಂತ್ರಗಳು ಗುಜರಿಗೆ ಹೋದ ಮೇಲೂ ಕಟ್ಟಡ ನಿಂತಿರುತ್ತದೆ. ಅದರ ಗತಿಯೇನು?

“ಕೆಲಸಕ್ಕೆ ಬಾರದ ಹಳೆಯ ಕಟ್ಟಡ, ಕೆಡವಬೇಕು” ಎನ್ನುತ್ತಾರೆ ಮಾಲೀಕರು. ಈ ಮಾತನ್ನು ಸ್ವಲ್ಪ ಪರೀಕ್ಷಿಸೋಣ. ಮಗ್ಗಗಳ ಭಾರವನ್ನೂ ಅವುಗಳ ಅದುರಾಟವನ್ನೂ ತಡೆದ ನೆಲ ಶಾಲೆಯ ಬೆಂಚುಗಳನ್ನು ಹೊರಲಾರದೆ? ಗರಗಸದ ಹಲ್ಲಿನಂಥ ಮಾಡಿನಲ್ಲಿ ಗಾಜುಗಳು ಉತ್ತರಕ್ಕೆ ಮುಖ ಮಾಡಿರುತ್ತವೆ. ನೇಯುವವನ ಕಣ್ಣಿಗೆ ಬಿಸಿಲು ಹೊಡೆಯದೆ ಬೆಳಕು ಮಾತ್ರ ಬರಲೆಂದು ಮಾಡಿದ ಏರ್ಪಾಡು ಅದು. ಓದುವವನಿಗೆ ಬೇಕಾದದ್ದೂ ಅದೇ ಬೆಳಕು.

ತೊಡಕುಗಳಿಲ್ಲವೆಂದು ನಾನು ಹೇಳುವುದಿಲ್ಲ. ಅಗಲವಾದ ಶೆಡ್ಡಿನ ನಡುಭಾಗಕ್ಕೆ ಕಿಟಕಿಯಿರುವುದಿಲ್ಲ. ವಾಸಕ್ಕೆ ಮನೆ ಮಾಡುವುದಾದರೆ ಮಾಡನ್ನು ಅಲ್ಲಲ್ಲಿ ತೆಗೆದು ಅಂಗಳ ಬಿಡಬೇಕು. ತುಕ್ಕು ಹಿಡಿದ ತೊಲೆಗಳನ್ನು ಇಂಜಿನಿಯರು ಒಂದೊಂದಾಗಿ ಪರೀಕ್ಷಿಸಬೇಕು. ಕಕ್ಕಸು, ಮೆಟ್ಟಿಲು, ಬೆಂಕಿ ಬಿದ್ದಾಗ ಪಾರಾಗುವ ದಾರಿ ಹೊಸದಾಗಿ ಆಗಬೇಕು. ಇದಕ್ಕೆ ಹಣ ಬೇಕು, ಮನಸ್ಸೂ ಬೇಕು.

ಮನಸ್ಸಿದ್ದಲ್ಲಿ ಏನಾಯಿತೆಂದು ಕೇಳಿ. ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲಿ ಪೊಂಪೇಯಾ ಎಂಬ ಬಡಾವಣೆಯಿದೆ. ಅಲ್ಲಿನ ಹಳೆಯ ಪೀಪಾಯಿ ಕಾರ್ಖಾನೆಯೊಂದು ವಾಣಿಜ್ಯ ನೌಕರರ ಕ್ಷೇಮಕ್ಕಾಗಿ 1946ರಲ್ಲಿ ಹುಟ್ಟಿದ ಸಂಸ್ಥೆಯ ಕೈಗೆ ಬಂತು. ವಾಣಿಜ್ಯ ಸಂಸ್ಥೆಗಳ ಮಾಲೀಕರು ಸಂಬಳದ ಮೊತ್ತದ ಮೇಲೆ ಕಡ್ಡಾಯವಾಗಿ ಕೊಡುವ ವಂತಿಗೆಯಿಂದ ಅದು ನಡೆಯುತ್ತದೆ. ಲೀನಾ ಬೊ ಬಾರ್ದಿ ಎಂಬ ವಾಸ್ತುಶಿಲ್ಪಿ ನೋಡಲು ಹೋದಾಗ ಸೋರುವ ಮಾಡಿನ ಕೆಳಗೆ ಮಕ್ಕಳು ಆಗಲೇ ಆಡುತ್ತಿದ್ದರು, ಜನ ಸಂಸಾರ ಸಮೇತ ಬಂದು ಕೂಡುತ್ತಿದ್ದರು. ಆ ಸಂತೋಷ ಅಲ್ಲೇ ಉಳಿಯಬೇಕೆಂದು ಆಕೆ ನಿಶ್ಚಯಿಸಿದರು. ಶೆಡ್ಡುಗಳನ್ನು ಕೆಡವಲಿಲ್ಲ. ಮೇಲಿನ ಗಾರೆ ಕೆತ್ತಿಸಿ, ಒಳಗಿನ ಕಾಂಕ್ರೀಟು ಚೌಕಟ್ಟನ್ನು ಕಾಣುವಂತೆ ಮಾಡಿದರು. 1982ರಲ್ಲಿ ಅದು ತೆರೆಯಿತು: ವಾಚನಾಲಯ, ನಾಟಕಶಾಲೆ, ಕೈಕಸುಬಿನ ಕಾರ್ಯಾಗಾರ, ಊಟದ ಮನೆ. ಆಟೋಟಗಳಿಗೆ ಪಕ್ಕದಲ್ಲಿ ಎರಡು ಗೋಪುರಗಳನ್ನು ಕಟ್ಟಿ, ನಡುವೆ ಸೇತುವೆ ಹಾಕಿದರು.

ಅದೇ 1982ರ ಜನವರಿಯಲ್ಲಿ ನಮ್ಮ ಮುಂಬಯಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಗಿರಣಿಗಳು ಒಂದೊಂದಾಗಿ ನಿಂತವು. ಉಳಿದದ್ದು ಸುಮಾರು 600 ಎಕರೆ ಜಾಗ. ಆ ಜಾಗದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಸಾರ್ವಜನಿಕ ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲೀಕರಿಗೆ ಎಂದು 1991ರ ನಿಯಮ ಹೇಳಿತು. 2001ರಲ್ಲಿ ಅದನ್ನು ತಿದ್ದಿದರು: ಹಂಚುವುದು ಖಾಲಿ ಜಾಗವನ್ನಷ್ಟೇ. ಕಟ್ಟಡ ನಿಂತ ನೆಲ ಲೆಕ್ಕದಿಂದ ಹೊರಗೆ! 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಲೋಯರ್ ಪರೇಲಿನ ಫೀನಿಕ್ಸ್ ಗಿರಣಿ ಮಾಲ್ ಆಯಿತು. ಅದರ ಚಿಮಣಿಯನ್ನು ಅಂದಕ್ಕೆ ಉಳಿಸಿಕೊಂಡಿದ್ದಾರೆ. ಅದರ ಕೆಳಗೆ ದುಡಿದವನು ಅಲ್ಲಿ ಒಂದು ಜೊತೆ ಚಪ್ಪಲಿ ಕೊಳ್ಳಬಲ್ಲನೆ?

ಆದ್ದರಿಂದ ಬಂಧುಗಳೇ, ಹಳೆಯ ಕಟ್ಟಡ ಉಳಿಯಿತೆಂದು ಹಿಗ್ಗುವ ಮೊದಲು ಅದರೊಳಗೆ ಯಾರಿಗೆ ಪ್ರವೇಶವೆಂದು ಕೇಳಿರಿ. ನಮ್ಮ ಊರಿನಲ್ಲೂ ಇಂಥ ಕಾಲ ಬಂದರೆ ಮೂರು ಬೇಡಿಕೆಗಳನ್ನಿಡೋಣ. ಕೆಡವಲು ಪರವಾನಗಿ ಕೊಡುವ ಮೊದಲು ಕಟ್ಟಡದ ತಪಾಸಣೆಯ ವರದಿ ಬಹಿರಂಗವಾಗಬೇಕು. ಹೊಸ ನಕ್ಷೆಯಲ್ಲಿ ವಸತಿಗೂ ವಾಚನಾಲಯಕ್ಕೂ ಪಾಲಿರಬೇಕು. ಆ ಪಾಲನ್ನು ಕಟ್ಟಡ ನಿಂತ ನೆಲವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಗೇಟಿನೆದುರು ವ್ಯಾಪಾರ ಮಾಡುತ್ತ ಬಂದವರಿಗೆ ಬೀದಿಬದಿಯ ಮಳಿಗೆಗಳು ಕೈಗೆಟಕುವ ಬಾಡಿಗೆಗೆ ಸಿಗಬೇಕು.

ನಕ್ಷೆ ಮಂಜೂರಾದ ಮೇಲೆ ಕೂಗಿ ಪ್ರಯೋಜನವಿಲ್ಲ. ಕಾರ್ಮಿಕರೂ ವ್ಯಾಪಾರಿಗಳೂ ಕೂಡಿ ಇಂದೇ ಒಂದು ಸಮಿತಿ ಮಾಡಿಕೊಳ್ಳಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.