ಜಗಳವಿಲ್ಲದೆ ಮುಗಿದ ಗೆಳೆತನ

ಕಾಲೇಜಿನ ಗೆಳೆತನಗಳು ಜಗಳದಿಂದ ಮುರಿಯುವುದಕ್ಕಿಂತ ಸದ್ದಿಲ್ಲದೆ ಸವೆಯುವುದೇ ಹೆಚ್ಚು. ನನ್ನ ವಿದ್ಯಾರ್ಥಿದೆಸೆಯಲ್ಲಿ ಈ ಸವೆತದ ಎರಡು ಬಗೆಗಳನ್ನು ಕಂಡೆ. ತರಗತಿಯೋ ಊರೋ ಬದಲಾಗಿ ದೂರವಾಗುವುದು ಒಂದು, ಅದು ಕಾಲಧರ್ಮ. “ನೀವು ಯಾವ ಪೈಕಿ?” ಎಂಬ ಪ್ರಶ್ನೆಗೆ ಉತ್ತರವಿತ್ತ ಮರುದಿನ ಗೆಳೆಯನ ಊಟದ ಡಬ್ಬಿ ಬೇರೆ ಬೆಂಚಿಗೆ ಸರಿಯುವುದು ಇನ್ನೊಂದು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಆದರೆ ಸರಿದ ಡಬ್ಬಿಯ ಮೇಲೆ ದೂರು ಕೊಡುವುದು ಹೇಗೆ? “ಅಲ್ಲಿ ಗಾಳಿ ಚೆನ್ನಾಗಿದೆ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಗ ಎಳೆಯ ಮನಸ್ಸು ತನ್ನಲ್ಲೇ ಕೊರತೆಯನ್ನು ಹುಡುಕತೊಡಗುತ್ತದೆ.

ತರುಣ ಮಿತ್ರರೇ, ಹಾಗೆ ಹುಡುಕಬೇಡಿ. ಅರವಿಂದ ಮಾಲಗತ್ತಿಯವರು ಮೀಸಲಾತಿ ಪಡೆದವರನ್ನು ಹಂಗಿಸುವ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ಮಾತನ್ನೇ 1994ರಲ್ಲಿ ತಮ್ಮ ಆತ್ಮಕಥನದ ಹೆಸರಾಗಿಸಿದರು. ಕಾಲ ದೂರಮಾಡಿದ ಗೆಳೆಯನಿಗೆ ಒಂದು ಕಾಗದ ಬರೆಯಿರಿ. ಜಾತಿ ದೂರಮಾಡಿದವನಿಗಾಗಿ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.