ಕರಭಾರವೂ ಮತಾಧಿಕಾರವೂ
(ಒಂದು ಉಪನ್ಯಾಸದ ಪಾಠ)



ಪ್ರಜೆಗಳಲ್ಲಿ ಕೆಲವರೇ ಮತ ಕೊಟ್ಟು ಗೊತ್ತುಮಾಡಿದ ಕರವನ್ನು ಸಮಸ್ತ ಪ್ರಜೆಗಳಿಂದಲೂ ವಸೂಲು ಮಾಡುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಈ ದಿನ ವಿಚಾರಕ್ಕೆ ತೆಗೆದುಕೊಳ್ಳುತ್ತೇನೆ. ಇದು ಪರದೇಶದ ಇತಿಹಾಸದಿಂದ ಎರವಲು ತಂದ ಪ್ರಶ್ನೆಯೆಂದು ಭಾವಿಸುವವರುಂಟು. 1773ರಲ್ಲಿ ಬಾಸ್ಟನ್ ಬಂದರದೊಳಗೆ ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಚೆಲ್ಲಿದ ಕಥೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆಲ್ಲ ಬಾಯಿಪಾಠ. ಆದರೆ ಅಷ್ಟು ದೂರ ಹೋಗಬೇಕಾದ ಕಾರಣವಿಲ್ಲ. ನಮ್ಮ ಮನೆಯ ಉಪ್ಪಿನ ಗಡಿಗೆಯಲ್ಲಿಯೇ ಈ ಪ್ರಶ್ನೆ ಬಹುಕಾಲ ಕುಳಿತಿತ್ತು.

1919ರ ಸುಧಾರಣೆಯ ಕಾಯಿದೆ ಬಂದಾಗ ಪ್ರಾಂತಗಳ ಶಾಸನಸಭೆಗಳಿಗೆ ಚುನಾವಣೆ ನಡೆಯುವ ಏರ್ಪಾಡಾಯಿತು. ಮತ ಯಾರಿಗೆ? ಮುಂಬಯಿ ಇಲಾಖೆಯ ಹಳ್ಳಿಗಳಲ್ಲಿ, ರತ್ನಾಗಿರಿ, ಪಂಚಮಹಾಲ ಮೊದಲಾದ ಕೆಲವು ಭಾಗಗಳನ್ನು ಬಿಟ್ಟರೆ, 32 ರೂಪಾಯಿ ಆಕಾರದ ಭೂಮಿಯುಳ್ಳವನಿಗೆ. ಇವನೊಡನೆ ಆದಾಯಕರ ಕೊಡುವವರು, ಸೈನ್ಯದಿಂದ ನಿವೃತ್ತರಾದವರು ಮುಂತಾದ ಕೆಲವರು ಸೇರುತ್ತಿದ್ದರು. ಧಾರವಾಡ ಜಿಲ್ಲೆಯ ಒಂದು ಊರಿನಲ್ಲಿ ಬದುವಿಗೆ ಬದು ಹತ್ತಿದ ಎರಡು ಹೊಲಗಳನ್ನು ಕಲ್ಪಿಸಿಕೊಳ್ಳಿರಿ. ಒಬ್ಬ ರೈತನ ಆಕಾರ 33 ರೂಪಾಯಿ, ಇನ್ನೊಬ್ಬನದು 31. ಮಳೆ ಇಬ್ಬರಿಗೂ ಒಂದೇ, ಕಿಸ್ತಿನ ದಿನವೂ ಒಂದೇ. ಆದರೂ ಒಬ್ಬನು ರಾಜ್ಯದ ಮತದಾರ, ಇನ್ನೊಬ್ಬನು ಬರಿಯ ಬಾಕಿದಾರ. ಅವರ ಹೊಲದಲ್ಲಿ ಕಳೆ ತೆಗೆಯುವ ಆಳಿನ ಮಾತನ್ನು ಕೇಳುವವರೇ ಇಲ್ಲ. ಸ್ತ್ರೀಯರಿಗಿದ್ದ ಪ್ರತಿಬಂಧವನ್ನು ಮುಂಬಯಿ, ಮದ್ರಾಸು ಶಾಸನಸಭೆಗಳು 1921ರಲ್ಲಿ ತೆಗೆದುಹಾಕಿದವೆಂಬುದು ನಿಜ. ಆದರೆ ಹೊಲಮನೆಗಳೆಲ್ಲ ಯಜಮಾನನ ಹೆಸರಿನಲ್ಲಿದ್ದ ಮೇಲೆ ಎಷ್ಟು ಜನ ತಾಯಂದಿರ ಹೆಸರು ಪಟ್ಟಿಯೇರಬಲ್ಲದು? ಬ್ರಿಟಿಷ್ ಹಿಂದುಸ್ಥಾನದ ಪ್ರಾಂತಗಳನ್ನೆಲ್ಲ ಕೂಡಿಸಿದರೂ ಮತದಾರರು ಜನಸಂಖ್ಯೆಯಲ್ಲಿ ಶೇಕಡಾ ಮೂರರ ಸುತ್ತುಮುತ್ತ ಇದ್ದರು.

ಈ ವ್ಯವಸ್ಥೆಯನ್ನು ಸಮರ್ಥಿಸುವವರ ವಾದ ಮೇಲುನೋಟಕ್ಕೆ ಬಲವಾದುದೇ. ಕರ ಕೊಡುವವನು ಕರದ ವಿಷಯದಲ್ಲಿ ಮಾತನಾಡಲಿ. ಏನೂ ಕೊಡದವನ ಕೈಗೆ ಪರರ ಚೀಲದ ಬಾಯಿ ಕೊಡಬಾರದು ಎಂದು ಅವರು ಹೇಳುತ್ತಿದ್ದರು. ನ್ಯಾಯಾಲಯದಲ್ಲಿ ಇಂಥ ವಾದ ಬಂದರೆ ಮೊದಲು ಕೇಳಬೇಕಾದುದು ಅದರ ಸಂಗತಿ ಸತ್ಯವೇ ಎಂಬುದನ್ನು. ಏನೂ ಕೊಡದವನು ಯಾವನು?

ಕಳೆ ತೆಗೆಯುವ ಆ ಆಳು ಸಾಯಂಕಾಲ ಅಂಗಡಿಗೆ ಹೋಗಿ ಉಪ್ಪು ಕೊಳ್ಳುತ್ತಿದ್ದನು. ಒಂದು ಮಣ ಉಪ್ಪಿನ ಮೇಲೆ 1 ರೂಪಾಯಿ 4 ಆಣೆ ಸುಂಕ; ನಾಲ್ವತ್ತು ಸೇರಿನ ಮಣವೆಂದರೆ ಸೇರಿಗೆ ಅರ್ಧ ಆಣೆಯಾಯಿತು. ಅವನಿಗೆ ರಸೀದಿಯಿಲ್ಲ, ನೋಟೀಸಿಲ್ಲ, ಮಾಮಲೇದಾರರ ಕಚೇರಿಯ ದರ್ಶನವಿಲ್ಲ. ಬೆಲೆಯೊಳಗೆ ಕರ ಅಡಗಿತ್ತು. ಉಂಡವನೆಲ್ಲ ಕರ ಕೊಟ್ಟವನೇ. ಹೀಗಿರಲಾಗಿ ಕರಕೊಡುವವನಿಗೆ ಮತವೆಂಬ ಸೂತ್ರವನ್ನು ಸರಕಾರವು ಮನಃಪೂರ್ವಕವಾಗಿ ನಂಬಿದ್ದರೆ ಆಗಲೇ ಎಲ್ಲರಿಗೂ ಮತ ಕೊಡಬೇಕಾಗಿತ್ತು. ಕಣ್ಣಿಗೆ ಕಾಣುವ ಕರವನ್ನು ಅರ್ಹತೆಯೆಂದು ಎಣಿಸಿ, ಕಾಣದ ಕರವನ್ನು ಎಲ್ಲರಿಂದಲೂ ಎತ್ತಿ, ಆಮೇಲೆ ಬಡವನನ್ನು ತೋರಿಸಿ ಇವನು ಏನೂ ಕೊಡನೆಂದು ಹೇಳಿದುದೇ ಈ ವ್ಯವಸ್ಥೆಯ ಮೂಲದೋಷ.

1923ರಲ್ಲಿ ನಡೆದುದು ಇನ್ನೂ ವಿಚಿತ್ರ. ಆಯವ್ಯಯದ ಕೊರತೆ ತುಂಬಲೆಂದು ಸರ್ ಬೇಸಿಲ್ ಬ್ಲ್ಯಾಕೆಟ್ಟರು ಉಪ್ಪಿನ ಸುಂಕವನ್ನು 2 ರೂಪಾಯಿ 8 ಆಣೆಗೆ, ಅಂದರೆ ಇಮ್ಮಡಿಗೆ, ಏರಿಸಬೇಕೆಂದರು. ಆಗಿನ ಕೇಂದ್ರ ಶಾಸನಸಭೆಯ ಮತದಾರರು ಹತ್ತು ಲಕ್ಷದ ಆಸುಪಾಸು. ದೇಶದ ಬ್ರಿಟಿಷ್ ಭಾಗದ ಜನಸಂಖ್ಯೆ 24 ಕೋಟಿಗೆ ಮೇಲ್ಪಟ್ಟು. ಇವರೆಲ್ಲ ಉಳ್ಳವರ ಪ್ರತಿನಿಧಿಗಳು. ಸೇರಿಗೆ ಅರ್ಧ ಆಣೆ ಹೆಚ್ಚಾದರೆ ಇವರ ಅಡಿಗೆಮನೆ ಅಲುಗುವಂತಿರಲಿಲ್ಲ. ಆದರೂ ಸಭೆಯು ಆ ಏರಿಕೆಯನ್ನು ತಿರಸ್ಕರಿಸಿತು. ವೈಸರಾಯರಾದ ಲಾರ್ಡ್ ರೀಡಿಂಗರು ತಮ್ಮ ವಿಶೇಷಾಧಿಕಾರವನ್ನು ಬಳಸಿ, ಇದು ಅವಶ್ಯವೆಂದು ಪ್ರಮಾಣೀಕರಿಸಿ, ಆ ಏರಿಕೆಯನ್ನು ಜಾರಿಗೆ ತಂದರು. ಮರುವರ್ಷ ಅದು ಹಳೆಯ ದರಕ್ಕೆ ಇಳಿಯಿತು, ಸಾಮ್ರಾಜ್ಯವೇನೂ ಮುಳುಗಲಿಲ್ಲ. ಅವಶ್ಯಕತೆ ಎಂಬ ಶಬ್ದದ ಬೆಲೆ ಇಷ್ಟು! ಮತ ಕೊಡುವವರು ಎಷ್ಟು ಜನರೆಂಬುದಷ್ಟೇ ಸಾಲದು, ಅವರ ಬೇಡವೆಂಬ ಮಾತು ಬೇಡವೆಂದೇ ನಿಲ್ಲಬೇಕೆಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಸೈನ್ಯದ ವೆಚ್ಚವನ್ನಂತೂ ಆ ಸಭೆಯ ಮತಕ್ಕೆ ಹಾಕುವಂತೆಯೇ ಇರಲಿಲ್ಲ.

ಉಪ್ಪಿನ ಕರ ಅಲ್ಪವಾದುದು, ಅದಕ್ಕಾಗಿ ಇಷ್ಟು ಕೋಲಾಹಲವೇಕೆಂದು ಕೇಳಿದ ವಿದ್ವಾಂಸರಿದ್ದರು. ಮಹಾತ್ಮರು 1930ರ ಮಾರ್ಚ 2ರಂದು ಲಾರ್ಡ್ ಅರ್ವಿನರಿಗೆ ಬರೆದ ಪತ್ರದಲ್ಲಿ ವೈಸರಾಯರ ತಿಂಗಳ ಸಂಬಳ 21,000 ರೂಪಾಯಿಯನ್ನೂ, ಭಾರತೀಯನ ದಿನದ ಸರಾಸರಿ ಗಳಿಕೆ ಎರಡು ಆಣೆಗಿಂತ ಕಡಿಮೆಯಿದ್ದುದನ್ನೂ ಜೊತೆಗಿಟ್ಟು ತೋರಿಸಿದರು. ಎರಡಾಣೆಯವನಿಗೆ ಅರ್ಧ ಆಣೆ ಅಲ್ಪವಲ್ಲ. ಅದೇ ಎಪ್ರಿಲ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯ ಭಂಗವಾಯಿತು. ಮತಪತ್ರವಿಲ್ಲದ ಜನ ಸಮುದ್ರದ ನೀರನ್ನು ಕಾಯಿಸಿ ತಮ್ಮ ಮತವನ್ನು ತಿಳಿಸಿದರು.

ಇನ್ನು ಭೂಮಿಯ ಕರ. ಇದನ್ನು ಮೈಸೂರಿನವರು ಕಂದಾಯವೆನ್ನುತ್ತಾರೆ, ಮಂಗಳೂರಿನವರು ತೀರ್ವೆ, ಧಾರವಾಡದ ಕಡೆ ಸಾರಾ ಎನ್ನುವುದುಂಟು. ಒಂದೇ ಭಾಷೆಯ ಜನಕ್ಕೆ ಒಂದೇ ಕರದ ಹೆಸರನ್ನಾದರೂ ಒಂದಾಗಿಡಲು ಪರಸರಕಾರಗಳು ಬಿಡಲಿಲ್ಲ! ಮುಂಬಯಿ ಇಲಾಖೆಯಲ್ಲಿ ಇದರ ದರವನ್ನು ಏರಿಸುತ್ತಿದ್ದವರು ಅಧಿಕಾರಿಗಳು. ಶಾಸನಸಭೆಯ ಮತ ಬೇಕಾಗಿರಲಿಲ್ಲ. ಒಳ್ಳೆಯದು, ಕೋರ್ಟಿಗೆ ಹೋಗೋಣವೆಂದರೆ 1876ರ ಮುಂಬಯಿ ರೆವೆನ್ಯೂ ಜುರಿಸ್‌ಡಿಕ್ಷನ್ ಕಾಯಿದೆ ಅಡ್ಡ ನಿಂತಿತ್ತು. ಆಕಾರದ ಮೊತ್ತ ಹೆಚ್ಚಾಯಿತೆಂಬ ತಕರಾರನ್ನು ದಿವಾಣಿ ನ್ಯಾಯಾಲಯ ಕೇಳುವಂತಿರಲಿಲ್ಲ. ಹತ್ತು ರೂಪಾಯಿ ಸಾಲಕ್ಕೆ ಖಟ್ಲೆ ಹೂಡಬಹುದಾದ ರೈತನು ತನ್ನ ಹೊಲದ ಕರದ ಬಗ್ಗೆ ಖಟ್ಲೆ ಹೂಡಲಾರನು. ಮತವೂ ಇಲ್ಲ, ನ್ಯಾಯಾಲಯವೂ ಇಲ್ಲ ಎಂದ ಬಳಿಕ ಉಳಿದುದು ನಿರಾಕರಣೆಯೊಂದೇ. 1928ರಲ್ಲಿ ಬಾರ್ಡೋಲಿಯ ರೈತರು ವಲ್ಲಭಭಾಯಿಯವರ ಮಾತಿನಂತೆ ಕರ ಕೊಡದೆ ನಿಂತಾಗ ಸರಕಾರ ವಿಚಾರಣೆಗೆ ಒಪ್ಪಿತು. ಶೇಕಡಾ 22ರ ಏರಿಕೆ ಸುಮಾರು 6ಕ್ಕೆ ಇಳಿಯಿತು. ಸರಕಾರದವರೇ ನೇಮಿಸಿದ ಇಬ್ಬರು ಅಧಿಕಾರಿಗಳು, ಬ್ರೂಮ್‌ಫೀಲ್ಡ್, ಮ್ಯಾಕ್ಸ್‌ವೆಲ್ಲರು, ಲೆಕ್ಕ ತಪ್ಪೆಂದರು. ಕೇಳುವವರಿಲ್ಲದ ಕಡೆ ಲೆಕ್ಕ ತಪ್ಪುವುದು ಸ್ವಾಭಾವಿಕ.

ನಮ್ಮ ಸಿದ್ಧಾಪುರ, ಅಂಕೋಲೆ, ಹಿರೇಕೆರೂರುಗಳ ರೈತರು ಬಾರ್ಡೋಲಿಯವರಿಗೆ ಕಡಿಮೆಯಾಗಲಿಲ್ಲ. 1931–32ರ ಕರನಿರಾಕರಣೆಯಲ್ಲಿ ಹೊಲಗದ್ದೆಗಳು ಜಪ್ತಿಯಾದವು, ದನಕರು ಪಾತ್ರೆಗಳು ಲಿಲಾವಿಗೆ ಬಿದ್ದವು. ಆ ಮನೆಗಳ ಹೆಂಗಸರು ಪಟ್ಟ ಪಾಡನ್ನು ಸಭೆಯಲ್ಲಿ ವರ್ಣಿಸಿ ಚಪ್ಪಾಳೆ ಗಿಟ್ಟಿಸುವುದು ನನಗೆ ಸೇರದು. 1937ರಲ್ಲಿ ಹೆಚ್ಚು ಜನಕ್ಕೆ ಮತ ದೊರೆತು ಖೇರರ ಮಂತ್ರಿಮಂಡಲ ಬಂದ ಮೇಲೆ, ಜಪ್ತಿಯಾದ ಭೂಮಿಯನ್ನು ಮರಳಿಸಲು ಕಾಯಿದೆಯಾಯಿತು. ಮತಕ್ಕೆ ಏನು ಬೆಲೆಯೆಂದು ಕೇಳುವವರಿಗೆ ಇದು ಉತ್ತರ. ಆದರೆ ಕೇಂದ್ರದಲ್ಲಿ 1935ರ ಕಾಯಿದೆಯ ಸಂಯುಕ್ತ ಭಾಗ ಜಾರಿಗೆ ಬರಲೇ ಇಲ್ಲವಾದುದರಿಂದ, ಉಪ್ಪಿನ ಮೇಲೆ ಮತ ಕೊಡುವವರು ಕಡೆಯವರೆಗೂ ಹಳೆಯ ಕೆಲವೇ ಲಕ್ಷ ಜನರಾಗಿ ಉಳಿದರು. ಆ ಕರ ತೊಲಗಿದುದು 1947ರ ಎಪ್ರಿಲದಲ್ಲಿ.

ಕನ್ನಡಿಗನಿಗೆ ಇದರ ಮೇಲೆ ಇನ್ನೊಂದು ಕಷ್ಟ. ಮತವಿದ್ದ ಕನ್ನಡಿಗನೂ ಮುಂಬಯಿಯಲ್ಲಿ ಒಂದು ಮೂಲೆ, ಮದ್ರಾಸಿನಲ್ಲಿ ಒಂದು ಮೂಲೆ. ನಿಜಾಮರ ಸೀಮೆಯ ಕಲಬುರ್ಗಿ, ರಾಯಚೂರು, ಬೀದರಗಳಲ್ಲಿ 1948ರವರೆಗೆ ಜವಾಬ್ದಾರಿ ಸರಕಾರದ ಸುಳಿವೇ ಇರಲಿಲ್ಲ. ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಷ್ಟು ಹಿಂದಿನದಾದರೂ ಬಹುಕಾಲ ಅದು ಅರಿಕೆ ಮಾಡಿಕೊಳ್ಳುವ ಸಭೆಯಾಗಿತ್ತೇ ಹೊರತು ಕರವನ್ನು ತಡೆಯುವ ಸಭೆಯಾಗಿರಲಿಲ್ಲ. ನೂರು ಸದಸ್ಯರ ನಡುವೆ ಹತ್ತು ಸದಸ್ಯರ ಮತವೆಂದರೆ ಎಣಿಕೆಗೆ ಮತ, ಫಲದಲ್ಲಿ ಪ್ರಾರ್ಥನೆ. 1928ರ ನೆಹರೂ ವರದಿ ಕರ್ನಾಟಕವನ್ನು ಪ್ರತ್ಯೇಕ ಪ್ರಾಂತವಾಗಿ ಮಾಡಬೇಕೆಂದಿತು. ಅದರ ಬ್ರಿಟಿಷ್ ಭಾಗದ ಆದಾಯ ವೆಚ್ಚವನ್ನು ಮೀರಿ ಉಳಿಯುತ್ತಿತ್ತೆಂದೂ ಹೇಳಿತು. ಆ ಉಳಿತಾಯ ಎಲ್ಲಿಗೆ ಹೋಗಬೇಕೆಂಬುದನ್ನು ಗೊತ್ತುಮಾಡುವವರು ಬೇರೆಯವರಾಗಿದ್ದರು. ಅದೇ ವರದಿ ವಯಸ್ಕರೆಲ್ಲರಿಗೂ ಮತ ಬೇಕೆಂದಿತು. ಏಕೀಕರಣವೂ ಸರ್ವಮತವೂ ಒಂದೇ ಕಾಗದದಲ್ಲಿ ಬಂದುದು ಆಕಸ್ಮಿಕವೆಂದು ನಾನು ತಿಳಿಯುವುದಿಲ್ಲ. 1950ರ ಸಂವಿಧಾನ ಒಂದನ್ನೂ 1956ರ ನವಂಬರ 1 ಇನ್ನೊಂದನ್ನೂ ತಂದುವು.

ಈಗ ಬೇರೊಂದು ಆಕ್ಷೇಪ ಕೇಳಿಬರುತ್ತದೆ. 1951–52ರ ಮೊದಲನೆಯ ಮಹಾಚುನಾವಣೆಯಲ್ಲಿಯೇ ಮತದಾರರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಮತ ಹಾಕಿದರು. ಹಾಗಾದರೆ ಆಮೇಲಿನ ಕರವೂ ಹಳೆಯದರಂತೆಯೇ ಅನ್ಯಾಯವಲ್ಲವೇ ಎಂದು. ಅಲ್ಲ. ಬಾಗಿಲು ಮುಚ್ಚಿ ಹೊರಗೆ ನಿಲ್ಲಿಸಿದವನೂ, ಬಾಗಿಲು ತೆರೆದಿದ್ದರೂ ಬಾರದವನೂ ಸಮಾನರಲ್ಲ. ಬಾರದವನು ಮುಂದಿನ ಸಲ ಬಂದಾನೆಂಬ ಭಯ ಮಂತ್ರಿಗಳಿಗಿರುತ್ತದೆ. 31 ರೂಪಾಯಿಯ ರೈತನ ಭಯ ಯಾರಿಗೂ ಇರಲಿಲ್ಲ.

ಆದರೆ ಬಾರದವರೆಲ್ಲರನ್ನೂ ಸೋಮಾರಿಗಳೆಂದು ಬಯ್ಯುವವರೊಡನೆ ನಾನು ಸೇರಲಾರೆ. ರಾಯಚೂರು, ವಿಜಾಪುರ, ಕಲಬುರ್ಗಿಗಳಿಂದ ಗೋವೆಗೂ ಮುಂಬಯಿಗೂ ಬೆಂಗಳೂರಿಗೂ ದುಡಿಯಹೋಗುವ ಕೂಲಿಕಾರನ ಹೆಸರು ಊರಿನ ಪಟ್ಟಿಯಲ್ಲಿರುತ್ತದೆ, ಮೈ ಪರಊರಿನಲ್ಲಿರುತ್ತದೆ. ಮತ ಹಾಕಬೇಕಾದರೆ ಬಸ್ಸಿನ ಹಣವನ್ನು ಕೊಟ್ಟು, ಎರಡು ಮೂರು ದಿನದ ಕೂಲಿ ಬಿಟ್ಟು ಬರಬೇಕು. ಕೊಳ್ಳುವ ಸಾಬೂನಿಗೂ ಚಪ್ಪಲಿಗೂ ಅವನು ಕರ ಕೊಟ್ಟೇ ಕೊಡುತ್ತಾನೆ. ಅದಕ್ಕೆ ಯಾವ ಊರಿನಲ್ಲಿದ್ದರೂ ಅಡ್ಡಿಯಿಲ್ಲ. ಅವನಿದ್ದಲ್ಲಿಯೇ ಅವನ ಮತ ಪಡೆಯುವ ದಾರಿಯನ್ನು ಹುಡುಕುವುದು ಕಾನೂನು ಬಲ್ಲವರ ಕೆಲಸ.